ಅತ್ತೆಯ ಕಣ್ಣಿನಿಂದ ಹುಳ ತೆಗೆದ ಕ್ಲಿನಿಕ್: ನಾಲ್ಕು ಸ್ಟಾರ್

ಕಾಸರಗೋಡು ಪೇಟೆಯ ಈ ಕಣ್ಣಿನ ಕ್ಲಿನಿಕ್‌ನ ಡಾಕ್ಟ್ರ ಕೈಗೆ ಐದು ಸ್ಟಾರ್ ಕೊಟ್ಟೇನು, ಆಫೀಸಿನವರಿಗೆ ಮೂರು.

ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಅತ್ತೆಯ ಎಡಗಣ್ಣು ಕೆಂಪಾಗಿ, ‘ಒಳಗೆ ಏನೋ ಹರಿದಾಡ್ತದೆ’ ಎನ್ನುತ್ತಿದ್ದರು. ಬೇರೆ ಕಡೆ ಕೆಂಗಣ್ಣೆಂದು ಕೊಟ್ಟ ಡ್ರಾಪ್ಸ್ ನಾಟಲಿಲ್ಲ. ಇಲ್ಲಿ ಸ್ಲಿಟ್ ಲ್ಯಾಂಪಿಗೆ (ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ) ಗದ್ದ ಇಡಿಸಿ ನೋಡಿದ ಡಾಕ್ಟ್ರು ನನ್ನನ್ನೂ ಕರೆದು ತೋರಿಸಿದರು. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯಡಿ ಬಿಳಿ ನೂಲಿನಂಥದ್ದು ಸುರುಳಿ ಸುತ್ತಿಕೊಂಡು ಮೆಲ್ಲ ಮಿಸುಕುತ್ತಿತ್ತು.

‘ಅಮ್ಮಾ, ಹುಳ ಉಂಟು. ಹೆದರ್ಲಿಕ್ಕಿಲ್ಲ, ಈಗಲೇ ತೆಗೆಯುವ. ಹಿಂದೆ ಹೋಗಿ ಅಡಗಿದ್ರೆ ಹುಡುಕ್ಲಿಕ್ಕೆ ಕಷ್ಟ.’

ಮರಗಟ್ಟುವ ಹನಿ ಬಿಟ್ಟು, ಪೊರೆಯಲ್ಲಿ ಸಣ್ಣ ಗೀರು ಹಾಕಿ, ಚಿಮಟದಲ್ಲಿ ಹಿಡಿದು ತುಂಡಾಗದ ಹಾಗೆ ಎಳೆದರು. ಅರ್ಧ ಗೇಣಿಗೂ ಉದ್ದ! ಬಾಟ್ಲಿಗೆ ಹಾಕಿದ ಮೇಲೂ ಹೊರಳುತ್ತಿತ್ತು. ಲ್ಯಾಬ್ ರಿಪೋರ್ಟಿನಲ್ಲಿ ಬಂದ ಹೆಸರು ಡೈರೋಫೈಲೇರಿಯಾ ರಿಪೆನ್ಸ್.

ಇದು ನಾಯಿಗಳ ಹುಳವಂತೆ. ನಾಯಿಯ ರಕ್ತ ಕುಡಿದ ಸೊಳ್ಳೆಯ ಮೈಯಲ್ಲಿ ಮರಿಹುಳ ಬೆಳೆದು, ಆ ಸೊಳ್ಳೆ ಕಚ್ಚಿದಾಗ ನಮಗೆ ದಾಟುತ್ತದೆ. ನಾಯಿಯನ್ನು ಮುಟ್ಟಿದರೆ ಬರುವುದಲ್ಲ, ಸೊಪ್ಪು ತಿಂದರೂ ಅಲ್ಲ. ಮನುಷ್ಯರಲ್ಲಿ ಇದು ಮರಿ ಹಾಕುವುದು ತೀರಾ ಅಪರೂಪ, ಹಾಗಾಗಿ ಹುಳ ಹೊರಬಂದರೆ ಸಾಮಾನ್ಯವಾಗಿ ಮಾತ್ರೆಯೂ ಬೇಡ. ‘ಇನ್ನು ಆನೆಕಾಲು ಬರ್ತದಾ?’ ಎಂದು ಅತ್ತೆ ಕೇಳಿದ್ದಕ್ಕೆ, ಅದರ ಹುಳವೇ ಬೇರೆ, ವುಚೆರೇರಿಯಾ ಎಂದು ಚಿತ್ರ ಬರೆದು ತೋರಿಸಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಗಡಿಬಿಡಿ ಮಾಡಲಿಲ್ಲ. ಭಾರತದಲ್ಲಿ ವರದಿಯಾದ ಇಂಥ ಕೇಸುಗಳಲ್ಲಿ ಹೆಚ್ಚಿನವು ಕೇರಳದವೇ ಅಂತೆ. ಮಳೆಗಾಲದಲ್ಲಿ ನಮ್ಮ ತೋಟದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳಲ್ಲಿ ನಿಲ್ಲುವ ನೀರು ಕಂಡವರಿಗೆ ಆಶ್ಚರ್ಯವಾಗದು.

ಈಗ ತಕರಾರು. ಒಪ್ಪಿಗೆ ಪತ್ರ ಮಲಯಾಳದಲ್ಲಿ ಮಾತ್ರ. ಓದದ್ದಕ್ಕೆ ಅತ್ತೆ ಸಹಿ ಹಾಕುವವರಲ್ಲ. ಪಾಪ, ನರ್ಸ್ ಪಕ್ಕ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಆಪರೇಶನ್‌ಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಇಷ್ಟು ಕನ್ನಡದವರು ಬರುವ ಜಾಗದಲ್ಲಿ ಒಂದು ಕನ್ನಡ ಫಾರಂ ಅಚ್ಚು ಹಾಕಿಸಲಿಕ್ಕೆ ಏನು ದಾಡಿ? ಲ್ಯಾಬಿನ ಚಾರ್ಜು ಬೇರೆ ಎಂದೂ ಮೊದಲೇ ಹೇಳಲಿಲ್ಲ.

ಹೋಗುವವರು ಬೆಳಗ್ಗೆಯೇ ಟೋಕನ್ ತೆಗೆದುಕೊಳ್ಳಿ. ಹುಳ ಕಂಡರೆ ಕಣ್ಣು ಉಜ್ಜದೆ ಮೊಬೈಲಿನಲ್ಲಿ ವೀಡಿಯೋ ಮಾಡಿಟ್ಟುಕೊಳ್ಳಿ, ಡಾಕ್ಟ್ರ ಎದುರು ಕೂರುವಾಗ ಅದು ಕಾಣಿಸಿಕೊಳ್ಳುತ್ತದೆ ಎಂಬ ಗ್ಯಾರಂಟಿ ಇಲ್ಲ.