ದಖನಿ, ಕೆಂಗುರಿ, ನೆಲ್ಲೂರು: ಜಂತುಹುಳಕ್ಕೆ ಯಾವ ಕುರಿ ಗಟ್ಟಿ?

ಮಳೆಗಾಲದ ಕೊನೆಗೆ ಕಲಬುರಗಿ, ಯಾದಗಿರಿ ಕಡೆಯ ಹಿಂಡುಗಳಲ್ಲಿ ಮರಿಗಳ ಗದ್ದ ಬಾತು ಕಣ್ಣು ಬಿಳಚಿದರೆ ಮೊದಲ ಅನುಮಾನ ಹೀಮಾಂಕಸ್ ಹುಳದ ಮೇಲೆ. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳ ಇದು. ಒಂದೊಂದು ಹುಳ ದಿನಕ್ಕೆ ಸುಮಾರು 0.05 ಮಿ.ಲೀ. ಹೀರುತ್ತದೆ, 2,000 ಹುಳ ಸೇರಿದರೆ 100 ಮಿ.ಲೀ. ಹೋಯಿತು. ಒಂದೇ ಬಯಲಲ್ಲಿ ಮೇಯುವ ಮೂರು ತಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಕಂಡದ್ದನ್ನು ಇಲ್ಲಿ ಹೇಳುತ್ತೇವೆ.

ದಖನಿಗೂ ಕೆಂಗುರಿಗೂ ಹಿಕ್ಕೆಯಲ್ಲಿ ಸಿಗುವ ಹುಳದ ಮೊಟ್ಟೆಯ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಕಾಣುವುದು ತಾಳಿಕೆಯಲ್ಲಿ. ಹುಳ ಇದ್ದರೂ ದಖನಿ ಮೇವು ಬಿಡುವುದಿಲ್ಲ, ಹಿಂಡಿನ ಹಿಂದೆ ಬೀಳುವುದಿಲ್ಲ. ಆದರೆ ಉಣ್ಣೆ ದಟ್ಟ, ಹಿಕ್ಕೆ ತೆಳುವಾದರೆ ಬಾಲದ ಸುತ್ತ ಮೆತ್ತಿಕೊಂಡು ನೊಣ ಮುತ್ತುತ್ತದೆ. ಕೆಂಗುರಿಯದು ಗಿಡ್ಡ ಕೂದಲು. ಮೈಮೇಲಿನ ಉಣ್ಣಿ ಕಣ್ಣಿಗೆ ಬೀಳುತ್ತದೆ, ಔಷಧಿ ಚರ್ಮಕ್ಕೆ ತಾಗುತ್ತದೆ. ಗಡಿಯಾಚೆಯಿಂದ ತಂದ ನೆಲ್ಲೂರು ಮರಿ ಬೇಗ ತೂಕ ಕಟ್ಟುತ್ತದೆ, ಮೊದಲ ಮಳೆಗಾಲದಲ್ಲಿ ಅಷ್ಟೇ ಬೇಗ ಸೋಲುತ್ತದೆ. ಎರಡನೇ ವರ್ಷ ಸುಧಾರಿಸುವುದೂ ಉಂಟು, ಹಾಗಾಗಿ ಒಂದೇ ಮಳೆಗಾಲ ನೋಡಿ ತೀರ್ಪು ಕೊಡಬೇಡಿ.

ಆದರೆ ತಳಿ ತಳಿಗಳ ನಡುವಿನ ಅಂತರಕ್ಕಿಂತ ಒಂದೇ ತಳಿಯ ಕುರಿ ಕುರಿಗಳ ನಡುವಿನ ಅಂತರ ದೊಡ್ಡದು. ಯಾವ ಹಿಂಡಿನಲ್ಲೂ ಬಹುಪಾಲು ಹುಳ ಇರುವುದು ಕೆಲವೇ ಕುರಿಗಳ ಹೊಟ್ಟೆಯಲ್ಲಿ, ಬಯಲಿಗೆ ಮೊಟ್ಟೆ ಚೆಲ್ಲುವವೂ ಅವೇ. ಹುಳ ತಡೆಯುವ ಗುಣ ಸ್ವಲ್ಪಮಟ್ಟಿಗೆ ತಂದೆಯಿಂದ ಮರಿಗೆ ಇಳಿಯುತ್ತದೆ. ಅದಕ್ಕೇ ಟಗರು ಕೊಳ್ಳುವಾಗ ಕೊಂಬು, ಎತ್ತರ ನೋಡಿದಷ್ಟೇ ಶ್ರದ್ಧೆಯಿಂದ ಹಿಕ್ಕೆಯನ್ನೂ ನೋಡಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಎಣಿಸುವುದು ಹೀಗೆ. ಹಿಕ್ಕೆಯನ್ನು ನೆಲದಿಂದ ಆರಿಸದೆ ಗುದದಿಂದಲೇ ತೆಗೆದು, ತಂಪಿನಲ್ಲಿಟ್ಟು ಅಂದೇ ನೋಡಿ. ಬಿಸಿಲಲ್ಲಿ ಇಟ್ಟರೆ ಮೊಟ್ಟೆ ಒಡೆದು ಎಣಿಕೆ ಸುಳ್ಳಾಗುತ್ತದೆ. ಒಂದು ಲೀಟರ್ ನೀರಿಗೆ 400 ಗ್ರಾಂ ಉಪ್ಪು ಹಾಕಿ ಕದಡಿ, ತಳದಲ್ಲಿ ಕರಗದೆ ಉಳಿದದ್ದನ್ನು ಬಿಟ್ಟು ತಿಳಿನೀರು ಬಸಿದುಕೊಳ್ಳಿ. 2 ಗ್ರಾಂ ಹಿಕ್ಕೆಯನ್ನು 28 ಮಿ.ಲೀ. ಉಪ್ಪುನೀರಿನಲ್ಲಿ ಅರೆದು, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಮ್ಯಾಕ್‌ಮಾಸ್ಟರ್ ಸ್ಲೈಡಿನ (ಮೊಟ್ಟೆ ಎಣಿಸಲೆಂದೇ ಗೆರೆ ಎಳೆದ ಗಾಜು) ಎರಡೂ ಮನೆ ತುಂಬಿ. ಮೊಟ್ಟೆ ತೇಲಿ ಬರಲು ಐದು ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಎರಡೂ ಮನೆಯ ಗೆರೆಯೊಳಗಿನ ಒಟ್ಟು ಮೊಟ್ಟೆಯನ್ನು 50ರಿಂದ ಗುಣಿಸಿದರೆ ಗ್ರಾಮಿಗೆ ಎಷ್ಟು ಎಂದು ಸಿಗುತ್ತದೆ.

ಹೋಲಿಕೆ ಕೆಡುವುದು ಹೆಚ್ಚಾಗಿ ಇಲ್ಲಿ. ಈದ ಕುರಿಯನ್ನು ಗೊಡ್ಡು ಕುರಿಯ ಜೊತೆ ಇಟ್ಟು ನೋಡಿದರೆ ಈದದ್ದೇ ಸೋಲುತ್ತದೆ, ಏಕೆಂದರೆ ಈಯುವ ಆಸುಪಾಸಿನಲ್ಲಿ ಯಾವ ತಳಿಯದ್ದಾದರೂ ಮೊಟ್ಟೆ ಏರುತ್ತದೆ. ನಾಲ್ಕರಿಂದ ಆರು ತಿಂಗಳಿನ, ಒಂದೇ ದಿನ ಔಷಧಿ ಕುಡಿದ ಮರಿಗಳನ್ನಷ್ಟೇ ಹೋಲಿಸಿ. ಔಷಧಿಯಾಗಿ ಆರು ವಾರವಾದರೂ ಕಳೆದಿರಲಿ. ಕೆಳರೆಪ್ಪೆ ಬಿಡಿಸಿ ಫಮಾಚಾ ಪಟ್ಟಿಯ (ರಕ್ತಹೀನತೆ ಅಳೆಯುವ ಬಣ್ಣದ ಪಟ್ಟಿ; ಕೆಂಪಿಗೆ 1, ಬಿಳಚಿದ್ದಕ್ಕೆ 5) ಜೊತೆ ಬಣ್ಣ ನೋಡುವುದನ್ನು ಬೆಳಗಿನ ಬಿಸಿಲಲ್ಲಿ ಮಾಡಿ, ದೊಡ್ಡಿಯ ನೆರಳಲ್ಲಿ ಬೇಡ. ದೂಳಿನಿಂದ ಕೆಂಪಾದ ಕಣ್ಣು ರಕ್ತ ಇದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಶಹಾಪುರ, ಸುರಪುರದ ಕಾಲುವೆ ಕೆಳಗೆ ಮೇಯುವ ಹಿಂಡಿಗೆ ಇನ್ನೊಂದು ತೊಡಕು. ಅಲ್ಲಿ ಬಸವನಹುಳದಿಂದ ಬರುವ ಲಿವರ್ ಫ್ಲೂಕ್ ಎಂಬ ಪಿತ್ತಜನಕಾಂಗದ ಚಪ್ಪಟೆ ಹುಳ ಇರುತ್ತದೆ. ಅದರ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದಿಲ್ಲ. ಎಣಿಕೆ ಕಡಿಮೆ, ಗದ್ದ ಮಾತ್ರ ಬಾತಿದ್ದರೆ ತಳಿಯನ್ನು ಹೊಗಳುವ ಮೊದಲು ಮೊಟ್ಟೆಯನ್ನು ತೇಲಿಸದೆ ನೀರಿನ ತಳಕ್ಕೆ ಇಳಿಸಿ ನೋಡುವ ವಿಧಾನದಲ್ಲಿ ಪರೀಕ್ಷೆ ಮಾಡಿಸಿ.

ಸುಂದರಬನದ ಗ್ಯಾರೋಲ್ ಕುರಿಯ ರಕ್ತ ಬೆರೆತ ಮರಿಗಳಲ್ಲಿ ಹುಳ ಕಡಿಮೆ ಎಂದು ಮಹಾರಾಷ್ಟ್ರದ ಫಲ್ಟಣದಲ್ಲಿ ಕಂಡಿದ್ದಾರೆ. ಆದರೆ ಗ್ಯಾರೋಲ್ ಸಣ್ಣ ಗಾತ್ರದ ಕುರಿ, ಮರಿಯ ತೂಕ ತಗ್ಗುತ್ತದೆ. ಮಾಂಸಕ್ಕೆ ಸಾಕುವವರಿಗೆ ಇದು ಒಗ್ಗದು.

ಆಯ್ದ ಟಗರು ಹಿಂಡಿಗೆ ಬಂದ ಮೇಲೂ ಎಲ್ಲಕ್ಕೂ ಔಷಧಿ ಸುರಿಯುವುದು ಬೇಡ. ಪಟ್ಟಿಯಲ್ಲಿ 4, 5 ಬಂದವಕ್ಕೆ ಕುಡಿಸಿ, 3 ಬಂದವುಗಳಲ್ಲಿ ಮರಿ ಮತ್ತು ಬಡಕಲು ಕುರಿಗೆ ಕೊಡಿ. ಅಲ್ಬೆಂಡಜೋಲ್ 2.5 ಪ್ರತಿಶತ ದ್ರಾವಣವಾದರೆ 30 ಕಿಲೋ ಕುರಿಗೆ 9 ಮಿ.ಲೀ.; ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು. ತೂಗದೆ ಕಣ್ಣಂದಾಜಿನಲ್ಲಿ ಕಡಿಮೆ ಕುಡಿಸಿದರೆ ಗಟ್ಟಿ ಹುಳ ಬದುಕಿ ಮುಂದಿನ ಪೀಳಿಗೆ ಅವುಗಳದ್ದೇ ಆಗುತ್ತದೆ. ಎರಡು ವಾರದ ನಂತರ ಅದೇ ಕುರಿಗಳ ಹಿಕ್ಕೆ ಮತ್ತೆ ಎಣಿಸಿ. ಮೊಟ್ಟೆ 95 ಪ್ರತಿಶತ ಇಳಿದಿಲ್ಲವಾದರೆ ಬೇರೆ ಗುಂಪಿನ ಔಷಧಿಗೆ ಪಶುವೈದ್ಯರನ್ನು ಕೇಳಿ.