ಪೊಸಡಿ ಗುಂಪೆಗೆ ಸಂಜೆ ಹೋಗುವವರು ಒಮ್ಮೆ ಬೆನ್ನ ಹಿಂದೆ ನೋಡಿ

ಪೊಸಡಿ ಗುಂಪೆ ಸನ್‌ಸೆಟ್ ಟ್ರೆಕ್‌ನ ಪೋಸ್ಟರ್ ಮತ್ತೆ ವಾಟ್ಸಾಪಿನಲ್ಲಿ ತಿರುಗುತ್ತಿದೆ. ನಮ್ಮ ಆಫೀಸಿನ ಗುಂಪಿಗೂ ಬಂತು, ಅಣ್ಣನ ಮಗಳ ಕಾಲೇಜಿನ ಗುಂಪಿಗೂ ಬಂತು. ಮಧ್ಯಾಹ್ನ ಎರಡೂವರೆಗೆ ಮಂಗಳೂರು ಬಿಡುವುದು, ಗುಡ್ಡದ ಮೇಲೆ ಸೂರ್ಯಾಸ್ತ, ರಾತ್ರಿ ಎಂಟೂವರೆಗೆ ವಾಪಸ್. ಹೋದ ವರ್ಷ ಅಕ್ಟೋಬರಿನಲ್ಲಿ ನಾನು ಇಂಥದೇ ಪೋಸ್ಟರ್ ನೋಡಿ, ಇದೇ ಹೊತ್ತಿಗೆ ಹೋದವಳು. ಬರೆಯಲು ಒಂದು ವರ್ಷ ಬೇಕಾಯಿತು. ಕಾರಣ ನಾಚಿಕೆ. ನಾನು ಗುಡ್ಡ ಇರುವ ಅದೇ ಕಾಸರಗೋಡಿನ ಕುಂಬಳೆಯವಳು. ಮಂಗಳೂರಿನವರಿಗೆ ಗೊತ್ತಿಲ್ಲದಿದ್ದರೆ ಸರಿ, ನನಗೆ ಗೊತ್ತಿರಬೇಕಿತ್ತು.

ವಿಷಯ ಇಷ್ಟೇ. ಅಕ್ಟೋಬರ್-ನವೆಂಬರಿನಲ್ಲಿ ಮತ್ತು ಏಪ್ರಿಲ್-ಮೇಯಲ್ಲಿ ಮಧ್ಯಾಹ್ನದ ಮೇಲೆ ಈ ಗುಡ್ಡ ಹತ್ತಬೇಡಿ. ಸಿಡಿಲು.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಪೊಸಡಿ ಗುಂಪೆ ಇರುವುದು ಕಾಸರಗೋಡಿನ ಧರ್ಮತ್ತಡ್ಕದ ಹತ್ತಿರ. ತಲಪಾಡಿ ದಾಟಿ, ಉಪ್ಪಳ ದಾಟಿ, ಬಂದ್ಯೋಡಿನಲ್ಲಿ ಹೈವೇ ಬಿಟ್ಟು ಪೆರ್ಮುದೆ ದಾರಿಯಲ್ಲಿ ಒಳಗೆ ಹೋಗಬೇಕು. ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಜಾಸ್ತಿ ಎತ್ತರ. ಹಾಗಂತ ಹತ್ತುವುದು ಕಷ್ಟ ಏನಲ್ಲ. ಮಾರ್ಗ ಬಿಟ್ಟ ಮೇಲೆ ಅರ್ಧ ಗಂಟೆ, ಅಷ್ಟೇ. ಮಕ್ಕಳೂ ಹತ್ತುತ್ತಾರೆ. ಮೇಲೆ ಹೋದರೆ ಪಡುವಣಕ್ಕೆ ಇಡೀ ಅರಬ್ಬೀ ಸಮುದ್ರ, ಬಡಗಣಕ್ಕೆ ಮಂಗಳೂರು, ಆಕಾಶ ಶುಭ್ರ ಇದ್ದ ದಿನ ಕುದುರೆಮುಖದ ಸಾಲು. ಕಾಸರಗೋಡಿನದೇ ಕಾಡುಗುಡ್ಡ ರಾಣಿಪುರಕ್ಕೆ ಹೋದವರು ಬಂದು ಉಂಬಳದ, ಅಂದರೆ ಜಿಗಣೆಯ, ಕಥೆ ಹೇಳುತ್ತಾರೆ, ಆನೆಯ ಕಥೆ ಹೇಳುತ್ತಾರೆ. ಇಲ್ಲಿ ಅದೆಲ್ಲ ಇಲ್ಲ. ಅದಕ್ಕೇ ಯಾರೂ ಹೆದರುವುದಿಲ್ಲ. ಚಪ್ಪಲಿ ಹಾಕಿಕೊಂಡು, ಚುರುಮುರಿ ಕಟ್ಟಿಸಿಕೊಂಡು ಹೋಗುತ್ತಾರೆ.

ಗುಡ್ಡದ ತಲೆ ಪೂರ್ತಿ ಬೋಳು. ಕೆಂಪುಕಲ್ಲಿನ ಪಾದೆ, ಅದರ ಮೇಲೆ ಮುಳಿಹುಲ್ಲು. ಮರ ಇಲ್ಲ. ಅಂದರೆ ಅಲ್ಲಿ ಎತ್ತರವಾಗಿ ನಿಂತಿರುವುದು ಯಾರು? ನೋಡಲು ಹೋದ ನಾವೇ.

ಆವತ್ತು ನಾವು ಹತ್ತೊಂಬತ್ತು ಜನ. ತಲೆಗೆ ಆರುನೂರು ರೂಪಾಯಿ, ಅದರಲ್ಲಿ ಟೆಂಪೋ, ಚಾ, ತಿಂಡಿ, 'ಅನುಭವಿ ಟ್ರೆಕ್ ಲೀಡರ್'. ನಮ್ಮ ಆಫೀಸಿನಿಂದ ನಾಲ್ಕು ಮಂದಿ ಇದ್ದೆವು. ಲೀಡರ್ ಹುಡುಗ ಒಳ್ಳೆಯವನೇ, ನಗುನಗುತ್ತಾ ಮಾತಾಡುತ್ತಿದ್ದ. ಗುಂಪೆಗೆ ಅವನು ಹಿಂದೆ ಬಂದದ್ದು ಎರಡು ಸಲ, ಎರಡೂ ಜನವರಿಯಲ್ಲಿ ಅಂತ ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಹಣ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ ಅದು. ನಾವು ಕೇಳಿದ್ದು ತಿಂಡಿಗೆ ಏನಿದೆ ಅಂತ.

ತಲಪಾಡಿ ಟೋಲಿನಲ್ಲಿ ಸಾಲು. ಗುಡ್ಡದ ಬುಡಕ್ಕೆ ಬಂದಾಗ ನಾಲ್ಕೂಕಾಲು. ಮಾರ್ಗದ ಬದಿಯಲ್ಲಿ ಒಂದು ಮನೆ, ಮನೆಗೆ ತಾಗಿದ ಚಿಕ್ಕ ಅಂಗಡಿ. ನೀರಿನ ಬಾಟಲಿ ತೆಗೆಯಲು ಹೋದೆ. ಅಂಗಡಿಯ ಅಜ್ಜ ಚಿಲ್ಲರೆ ಎಣಿಸುತ್ತಾ ಕೇಳಿದರು, "ಈಗ ಮೇಲೆ ಹೋಗುವುದಾ ಮಗಾ? ಮೂಡು ನೋಡು."

ನೋಡಿದೆ. ಮೂಡುದಿಕ್ಕಿನಲ್ಲಿ, ದೂರದಲ್ಲಿ, ಮೋಡ ಇತ್ತು. ಹೂಕೋಸಿನ ಹಾಗೆ ಮೇಲೆ ಮೇಲೆ ಎದ್ದ ಬಿಳಿ ಮೋಡ, ಬುಡ ಮಾತ್ರ ಕಪ್ಪು. ನಮ್ಮ ತಲೆಯ ಮೇಲೆ ಚುರುಕು ಬಿಸಿಲು. "ಬೇಗ ಬರ್ತೇವೆ ಅಜ್ಜ" ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಸೊಸೆಯನ್ನು ಕರೆದು ಅಂಗಳದ ಅಡಿಕೆಗೆ ಟರ್ಪಾಲು ಎಳೆಯಲು ಹೇಳಿದರು. ಬಿಸಿಲಿರುವಾಗ ಅಡಿಕೆಗೆ ಟರ್ಪಾಲು ಹಾಕುವವರನ್ನು ಕಂಡೂ ನಾನು ಗುಡ್ಡ ಹತ್ತಿದೆ, ನೋಡಿ.

ಇಲ್ಲಿ ಒಂದು ಮಾತು. ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆ ಬರುವುದು ಸಮುದ್ರದ ಕಡೆಯಿಂದ. ಅದು ಬರುವುದು ಗುಂಪೆಯ ಮೇಲೆ ನಿಂತವರಿಗೆ ಕಣ್ಣಿಗೆ ಕಾಣುತ್ತದೆ. ಅಕ್ಟೋಬರ್-ನವೆಂಬರಿನ ಚಿತ್ತೆ-ಸ್ವಾತಿಯ ಮಳೆ ಹಾಗಲ್ಲ. ಬೆಳಗ್ಗಿನಿಂದ ಬಿಸಿಲು ಕಾಯುತ್ತದೆ, ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟುತ್ತದೆ, ಸಂಜೆ ಅದು ಮೂಡಣದಿಂದ ಪಡುವಣಕ್ಕೆ ಇಳಿಯುತ್ತದೆ. ಸೂರ್ಯಾಸ್ತ ನೋಡುವವರ ಮುಖ ಎಲ್ಲಿರುತ್ತದೆ? ಸಮುದ್ರಕ್ಕೆ. ಹತ್ತೊಂಬತ್ತು ಜನ ಸಾಲಾಗಿ ಪಡುವಣಕ್ಕೆ ಮುಖ ಮಾಡಿ, ಫೋನ್ ಎತ್ತಿ ಹಿಡಿದು ನಿಂತಿದ್ದೆವು. ಮಳೆ ಬೆನ್ನ ಹಿಂದಿನಿಂದ ಬಂತು.

ಗುಡುಗು ಮೊದಲೇ ಕೇಳಿತ್ತು. ಐದು ಗಂಟೆಗೆ ಒಂದು, ಆಮೇಲೆ ಇನ್ನೊಂದು. ದೂರದಲ್ಲಿ ಯಾರೋ ಪೀಪಾಯಿ ಉರುಳಿಸಿದ ಹಾಗೆ. ಒಬ್ಬರು ಇಳಿಯೋಣವಾ ಅಂತ ಕೇಳಿದರು. ಲೀಡರ್ ಹುಡುಗ, "ಅದು ಪುತ್ತೂರು ಕಡೆ, ಇಲ್ಲಿಗೆ ಬರ್ಲಿಕ್ಕೆ ಇನ್ನೂ ಒಂದು ಗಂಟೆ ಉಂಟು" ಅಂದ. ಯಾವ ಲೆಕ್ಕದಲ್ಲಿ ಹೇಳಿದನೋ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದರೆ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತರೊಳಗೆ ಕೇಳಿತು ಅಂದರೆ ಹತ್ತು ಕಿಲೋಮೀಟರ್ ಒಳಗೆ, ಅಂದರೆ ಮುಂದಿನ ಸಿಡಿಲು ನಿಮ್ಮ ಮೇಲೇ ಬೀಳಬಹುದು. ಮಳೆಹನಿ ಬೀಳಲೇಬೇಕು ಅಂತಿಲ್ಲ. ನಿಜ ಹೇಳಬೇಕೆಂದರೆ ಎಣಿಸುವ ಅಗತ್ಯವೂ ಇಲ್ಲ. ಬೋಳುಗುಡ್ಡದ ಮೇಲೆ ಗುಡುಗು ಕಿವಿಗೆ ಬಿತ್ತಾ, ಇಳಿಯಿರಿ. ಇದೆಲ್ಲ ನಾನು ಓದಿ ತಿಳಿದದ್ದು ಆಮೇಲೆ.

ಐದೂಕಾಲರ ಹೊತ್ತಿಗೆ ಗಾಳಿ ತಟ್ಟನೆ ನಿಂತಿತು. ಆಮೇಲೆ ತಣ್ಣಗೆ ತಿರುಗಿ ಬೀಸಿತು. ಜೊತೆಗಿದ್ದ ಆಫೀಸಿನ ಹುಡುಗಿ ಕೂದಲು ಬಿಟ್ಟಿದ್ದಳು. ಅವಳ ಕೂದಲಿನ ಎಳೆಗಳು ಒಂದೊಂದೇ ಮೇಲಕ್ಕೆ ಎದ್ದವು. ಮಕ್ಕಳು ಬಲೂನು ಉಜ್ಜಿ ತಲೆಗೆ ಹಿಡಿದರೆ ಆಗುತ್ತದಲ್ವಾ, ಹಾಗೆ. ನಾವು ನಕ್ಕೆವು. ಫೋಟೋ ತೆಗೆದೆವು. ಪಕ್ಕದಲ್ಲಿ ನಿಲ್ಲಿಸಿದ್ದ ಯಾರದೋ ಟ್ರೈಪಾಡಿನಿಂದ ಜೇನುಹುಳು ಗುಂಯ್ಗುಟ್ಟುವಂಥ ಸಣ್ಣ ಸದ್ದು ಬರುತ್ತಿತ್ತು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿ ಇದೆ. ಅವಳು ಬಾಯಿ ತುಂಬಾ ನಗುತ್ತಿದ್ದಾಳೆ, ಕೂದಲು ಮುಗಿಲಿಗೆ ನಿಂತಿದೆ. ಸಿಡಿಲು ಬೀಳುವ ಮುಂಚಿನ ಗುರುತು ಅದು ಅಂತ ಹತ್ತೊಂಬತ್ತು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸದ್ದು ನನಗೆ ನೆನಪಿಲ್ಲ. ಬೆಳಕು ನೆನಪಿದೆ. ಎಲ್ಲ ಕಡೆ ಬಿಳಿ, ಆಮೇಲೆ ನಾನು ನೆಲದ ಮೇಲೆ. ಕಾಲಿನ ಮೀನಖಂಡವನ್ನು ಯಾರೋ ಹಿಂಡಿದ ಹಾಗೆ. ಕಿವಿಯಲ್ಲಿ ಒಂದೇ ಸಮನೆ ಕೀ ಅನ್ನುವ ಶಬ್ದ. ಸಿಡಿಲು ಬಿದ್ದದ್ದು ನಮ್ಮ ಮೇಲಲ್ಲ, ಐವತ್ತು ಹೆಜ್ಜೆ ಆಚೆ. ಆಮೇಲೆ ಹೋಗಿ ನೋಡಿದಾಗ ಅಲ್ಲಿ ಮುಳಿಹುಲ್ಲು ಚಾಪೆಯಷ್ಟಗಲ ಕರಟಿತ್ತು. ನೇರ ಬೀಳದಿದ್ದರೂ ಕರೆಂಟು ನೆಲದಲ್ಲಿ ಹರಡುತ್ತದೆ. ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಕಾಲು ಅಗಲಿಸಿ ನಿಂತಷ್ಟೂ ಏಟು ಜಾಸ್ತಿ. ಸಿಡಿಲಿಗೆ ದನಗಳು ಜಾಸ್ತಿ ಸಾಯುವುದು ಅದಕ್ಕೇ, ಮುಂಗಾಲಿಗೂ ಹಿಂಗಾಲಿಗೂ ಅಷ್ಟು ದೂರ ಇರುತ್ತದಲ್ಲ. ಕಾಲಿಗೆ ಶೂ ಇದ್ದರೆ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು.

ಮೂವರು ಬಿದ್ದಿದ್ದೆವು. ನಾನು ಎದ್ದೆ, ಇನ್ನೊಬ್ಬರು ಎದ್ದರು. ಕೂದಲು ಎದ್ದ ಹುಡುಗಿ ಏಳಲಿಲ್ಲ. ಮಾತಾಡುತ್ತಿದ್ದಾಳೆ, ಕಣ್ಣು ಬಿಟ್ಟಿದ್ದಾಳೆ, ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ ಅನ್ನುತ್ತಾಳೆ. ಕಾಲು ನೀಲಿಗಟ್ಟಿತ್ತು, ಮುಟ್ಟಿದರೆ ತಣ್ಣಗೆ. ಮುಟ್ಟಲೂ ಕೆಲವರು ಹೆದರಿದರು, ಶಾಕ್ ಹೊಡೆಯುತ್ತದೆ ಅಂತ. ಹೊಡೆಯುವುದಿಲ್ಲ ಮಾರಾಯ್ರೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ಆ ಕ್ಷಣವೇ ಎದೆ ಒತ್ತಲು ಶುರುಮಾಡಬೇಕು, ಹಾಗೆ ಬದುಕಿಸಬಹುದು. ನಮ್ಮ ಪುಣ್ಯಕ್ಕೆ ಅದು ಬೇಕಾಗಲಿಲ್ಲ.

ಅಷ್ಟರಲ್ಲಿ ಮಳೆ ಸುರಿಯಿತು. ಎಲ್ಲರೂ ಮಾಡಿದ್ದು ತಪ್ಪೇ. ಒಂದಷ್ಟು ಜನ ಒಂದೇ ಪ್ಲಾಸ್ಟಿಕ್ ಶೀಟಿನ ಕೆಳಗೆ ಒಬ್ಬರಿಗೊಬ್ಬರು ಅಂಟಿ ಕೂತರು. ಒಂದು ಸಿಡಿಲಿಗೆ ಎಲ್ಲರೂ ಹೋಗುವ ಹಾಗೆ. ಲೀಡರ್ ಹುಡುಗ ಮಲಗಿ ಮಲಗಿ ಅಂತ ಕೂಗಿದ. ಮಲಗಬಾರದು. ಎರಡೂ ಪಾದ ಜೋಡಿಸಿ, ತುದಿಗಾಲಲ್ಲಿ ಕುಕ್ಕರು ಕೂತು, ಒಬ್ಬರಿಂದೊಬ್ಬರು ದೂರ ಇರಬೇಕು. ಅದೂ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಹಾಗೆ ಕೂತರೂ ಉಳಿದೇವು ಅನ್ನುವ ಗ್ಯಾರಂಟಿ ಇಲ್ಲ. ಇನ್ನು ಕೆಲವರು ದಾರಿ ಬಿಟ್ಟು ನೇರ ಕೆಳಗೆ ಓಡಿದರು. ಒಣಗಿದಾಗ ಚಪ್ಪಲಿ ಕಚ್ಚಿ ಹಿಡಿಯುವ ಕೆಂಪುಕಲ್ಲಿನ ಪಾದೆ, ಮಳೆಗಾಲ ಕಳೆದ ಮೇಲೆ ಪಾಚಿ ಕಟ್ಟಿರುತ್ತದೆ. ಒಬ್ಬರ ಮಣಿಕಟ್ಟು ಮುರಿಯಿತು. ಒಬ್ಬ ಹುಡುಗ ಹಳೆಯ ಕಲ್ಲುಕೋರೆಯ ಅಂಚಿನಲ್ಲಿ ನಿಂತ. ಗೋಡೆ ಕೊಯ್ದ ಹಾಗಿರುವ ಕೋರೆ, ಕೆಳಗೆ ಹಸಿರು ನೀರು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ನಮ್ಮ ಕಡೆಯ ಪದವುಗಳಲ್ಲಿ, ಅಂದರೆ ಕೆಂಪುಕಲ್ಲಿನ ಎತ್ತರದ ಬಯಲುಗಳಲ್ಲಿ, ಕಲ್ಲು ತೆಗೆದು ಬಿಟ್ಟ ಇಂಥ ಹೊಂಡ ಬೇಕಾದಷ್ಟಿವೆ. ಮಳೆಯಲ್ಲಿ ಕಾಣುವುದಿಲ್ಲ.

ಹುಡುಗಿಯನ್ನು ನಾಲ್ಕು ಜನ ಹೊತ್ತು ಇಳಿಸಿದೆವು. ಮುಕ್ಕಾಲು ಗಂಟೆ. ಟೆಂಪೋ ಇನ್ನೂ ದೂರ ನಿಂತಿತ್ತು, ಅಜ್ಜನ ತಾರಸಿ ಮನೆಯೇ ಹತ್ತಿರ ಇತ್ತು. ಒಳಗೆ ನುಗ್ಗಿದೆವು. ಅಜ್ಜ ಎಂಥದೂ ಕೇಳಲಿಲ್ಲ. ಸೊಸೆ ಮೈ ಒರೆಸಲು ಬೈರಾಸು ತಂದು ಹಾಕಿದರು, ನೀರು ಕಾಯಿಸಿದರು. 112ಕ್ಕೆ ಫೋನ್ ಮಾಡಿದವರೂ ಅವರೇ. ಮಲಯಾಳದಲ್ಲಿ ಚುರುಕಾಗಿ ದಾರಿ ಹೇಳಿದರು. ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಜನಕ್ಕೆ ತಾವು ಇರುವ ಊರಿನ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ.

ಅವಳ ಕಾಲಿಗೆ ರಾತ್ರಿ ಹತ್ತರ ಹೊತ್ತಿಗೆ ಸ್ಪರ್ಶ ಬಂತು. ಸಿಡಿಲಿನಲ್ಲಿ ಹೀಗೆ ಆಗುವುದುಂಟು, ಹೆಚ್ಚಾಗಿ ಕೆಲವು ಗಂಟೆಗಳಲ್ಲಿ ಬಿಡುತ್ತದೆ ಅಂದರು ಡಾಕ್ಟರು. ನಮ್ಮೆಲ್ಲರಿಗೂ ಇಸಿಜಿ ಮಾಡಿಸಿದರು. ಹೊರಗೆ ಗಾಯ ಇಲ್ಲದಿದ್ದರೂ ಹೃದಯದ ಬಡಿತ ಏರುಪೇರಾಗಿರಬಹುದಂತೆ. ಅವಳಿಗೆ ಎಡಕಿವಿ ಈಗಲೂ ಸ್ವಲ್ಪ ಮಂದ.

ಟ್ರೆಕ್ ನಡೆಸಿದವರು? ಹತ್ತುವ ಮುಂಚೆ ಟೆಂಪೋದಲ್ಲೇ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಪ್ರಕೃತಿಯಿಂದ ಆಗುವ ತೊಂದರೆಗೆ ಅವರು ಜವಾಬ್ದಾರರಲ್ಲ ಅಂತ ಬರೆದಿತ್ತಂತೆ. ಓದಿದವರು ಯಾರು! ಮರುದಿನ ಒಂದು ಮೆಸೇಜು, "ಎಲ್ಲರೂ ಹುಷಾರಾಗಿದ್ದೀರಿ ಎಂದು ಭಾವಿಸುತ್ತೇವೆ", ಕೆಳಗೆ ಕೈಮುಗಿದ ಚಿತ್ರ. ಆಮೇಲೆ ಗ್ರೂಪನ್ನೇ ಅಳಿಸಿದರು.

ಹವಾಮಾನ ನೋಡಿರಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ನೋಡಿದ್ದೆವು. ಮಂಗಳೂರಿನದ್ದು. ಇದು ನಮ್ಮ ಗಡಿಯ ತಮಾಷೆ. ದಕ್ಷಿಣ ಕನ್ನಡದ ಮುನ್ಸೂಚನೆ ಬರುವುದು ಬೆಂಗಳೂರಿನ ಹವಾಮಾನ ಕೇಂದ್ರದಿಂದ, ಕಾಸರಗೋಡಿನದ್ದು ತಿರುವನಂತಪುರದಿಂದ. ಆವತ್ತು ಬೆಳಗ್ಗೆ ನಮ್ಮ ಮನೆಯ ಟಿವಿಯಲ್ಲಿ 'ಇಡಿಮಿನ್ನಲ್', ಅಂದರೆ ಗುಡುಗು-ಸಿಡಿಲಿನ, ಎಚ್ಚರಿಕೆ ಓಡುತ್ತಿತ್ತು, ಅತ್ತೆ ನೋಡುತ್ತಿದ್ದರು, ನಾನು ದೋಸೆ ತಿನ್ನುತ್ತಿದ್ದೆ. ಹಳದಿ ಅಲರ್ಟ್ ಏನಾದರೂ ಇದೆಯಾ ಅಂತ ಮಾತ್ರ ಕೇಳಿದೆ. ನಮ್ಮಲ್ಲಿ ಮಳೆಗೆ ಕೊಡುವ ಹಳದಿ ಅಲರ್ಟ್ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಲೆಕ್ಕ. ಅರ್ಧ ಗಂಟೆ ಸುರಿದು ಹೋಗುವ ಸಿಡಿಲುಮಳೆಗೆ ಅಷ್ಟು ನೀರು ಬೇಕಾಗಿಲ್ಲ. ಸಿಡಿಲನ್ನು ಕೇರಳ ಸರಕಾರ ರಾಜ್ಯದ ವಿಪತ್ತುಗಳ ಪಟ್ಟಿಗೇ ಸೇರಿಸಿದೆ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಬಯಲಿಗೆ ಹೋಗಬೇಡಿ ಅಂತ ಪ್ರತಿ ಸಲ ಹೇಳುತ್ತಾರೆ. ಟ್ರೆಕ್ಕಿನ ಟೈಮು ನೋಡಿ, ಪೂರ್ತಿ ಅದರೊಳಗೇ ಇದೆ.

ಈಗ ನನ್ನ ಫೋನಿನಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಾಡಿದ 'ದಾಮಿನಿ' ಆಪ್ ಇದೆ, ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಹಾಕಿಕೊಳ್ಳಿ. ಆದರೆ ಗುಡ್ಡದ ಮೇಲೆ ನೆಟ್‌ವರ್ಕ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿಡಿಲು ಶುರುವಾದರೆ ತಾರಸಿ ಮನೆ, ಇಲ್ಲವಾದರೆ ಕಿಟಕಿ ಮುಚ್ಚಿದ ಕಾರು. ಬೈಕು, ಆಟೋ ಆಗುವುದಿಲ್ಲ, ಒಂಟಿಮರ ಮೊದಲೇ ಆಗುವುದಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಗುಂಪೆ ನೋಡಲೇಬೇಕು ಅಂತಿದ್ದರೆ ಡಿಸೆಂಬರ್-ಜನವರಿಯಲ್ಲಿ ಬೆಳಗ್ಗೆ ಆರಕ್ಕೆ ಬನ್ನಿ. ಘಟ್ಟದ ಕಡೆಯಿಂದ ಸೂರ್ಯ ಬರುವುದು ಸೂರ್ಯಾಸ್ತಕ್ಕಿಂತ ಚೆಂದ, ನನ್ನ ಲೆಕ್ಕದಲ್ಲಿ.

ಎರಡು ವಾರ ಬಿಟ್ಟು ಬೈರಾಸು ಒಗೆದು ವಾಪಸ್ ಕೊಡಲು ಹೋದೆ. ಮಧ್ಯಾಹ್ನ ಎರಡೂವರೆ, ಕಣ್ಣು ಕುಕ್ಕುವ ಬಿಸಿಲು. ಅಜ್ಜ ಅಂಗಳದಲ್ಲಿ ಅಡಿಕೆ ರಾಶಿ ಮಾಡುತ್ತಿದ್ದರು. ಟರ್ಪಾಲಿನ ಒಂದು ತುದಿ ನನ್ನ ಕಡೆ ಎಸೆದು, "ಹಿಡಿ ಮಗಾ. ಈಗ ಒಂದು ಗುಡುಗಿತಲ್ಲ, ಕೇಳಿತಾ?" ಅಂದರು.

ನನಗೆ ಕೇಳಿರಲಿಲ್ಲ.