ಕಾರ್ನಿಶ್–ವಿಂಡ್ಸರ್ ಚಾವಣಿ ಸೇತುವೆ: ಬಿಡುವು ಮಾಡಿಕೊಂಡು ನೋಡಬೇಕಾದ ತಾಣ

ಅಮೆರಿಕದ ಈಶಾನ್ಯ ರಾಜ್ಯಗಳ ಮರದ ಚಾವಣಿ ಸೇತುವೆಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿರುವವರಿಗೆ ನಾನು ಹೇಳುವುದು ಕನೆಕ್ಟಿಕಟ್ ನದಿಯ ಮೇಲಿನ ಈ ಸೇತುವೆಯನ್ನೇ. ನ್ಯೂ ಹ್ಯಾಂಪ್‌ಶೈರಿನ ಕಾರ್ನಿಶ್ ಎಂಬ ಹಳ್ಳಿಯನ್ನು ವರ್ಮಾಂಟಿನ ವಿಂಡ್ಸರ್‌ಗೆ ಜೋಡಿಸುವ ಇದರ ಉದ್ದ 449 ಅಡಿ. ಕಟ್ಟಿ ಒಂದೂವರೆ ಶತಮಾನ ದಾಟಿದ್ದರೂ ಇಂದಿಗೂ ಇದರ ಮೇಲೆ ಕಾರುಗಳು ಓಡಾಡುತ್ತವೆ.

ಮೊದಲ ಸಲ ಒಂದು ಪ್ರವಾಸಿ ಸಂಸ್ಥೆಯ ಬಸ್ಸಿನಲ್ಲಿ ಹೋಗಿದ್ದೆ. ಅವರು ಕೊಟ್ಟ ಹದಿನೈದು ನಿಮಿಷದಲ್ಲಿ ಎಲ್ಲರೂ ಫೋಟೊ ತೆಗೆದುಕೊಂಡು ಬಸ್ಸು ಹತ್ತಿದೆವು. ಸೇತುವೆಗೆ ಚಾವಣಿ ಏಕೆ ಎಂಬಷ್ಟನ್ನೂ ಮಾರ್ಗದರ್ಶಿ ವಿವರಿಸಲಿಲ್ಲ. ಅದೇ ಬೇಸರದಿಂದ ಎರಡನೆಯ ಸಲ ನಾನೇ ಕಾರು ತೆಗೆದುಕೊಂಡು ಹೋಗಿ ಅರ್ಧ ದಿನ ಅಲ್ಲಿ ಕಳೆದೆ.

ಇದೇ ಸ್ಥಳದಲ್ಲಿ 1796, 1824 ಮತ್ತು 1849ರಲ್ಲಿ ಕಟ್ಟಿದ ಮೂರು ಸೇತುವೆಗಳು ಒಂದೊಂದಾಗಿ ನೆರೆಗೆ ಬಲಿಯಾಗಿದ್ದವು. ಈಗಿರುವುದನ್ನು 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಎಂಬ ಸ್ಥಳೀಯ ಕುಶಲಿಗಳು 9,000 ಡಾಲರ್ ವೆಚ್ಚದಲ್ಲಿ ಕಟ್ಟಿದರು. ನದಿಯ ನಡುವೆ ಇರುವುದು ಒಂದೇ ಕಂಬ; ಅದರ ಎರಡೂ ಬದಿಗೆ ಇನ್ನೂರು ಅಡಿಗೂ ಮೀರಿದ ಒಂದೊಂದು ಅಂಕಣ, ಅಂದರೆ ನಡುವೆ ಆಸರೆಯಿಲ್ಲದೆ ಚಾಚಿದ ಭಾಗ. ಇಷ್ಟು ದೂರವನ್ನು ಮರ ಹೇಗೆ ಹೊರುತ್ತದೆ ಎಂಬುದು ಒಳಗೆ ನಿಂತಾಗ ಗೊತ್ತಾಗುತ್ತದೆ. ವಾಸ್ತುಶಿಲ್ಪಿ ಇಥಿಯಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದ ಜಾಲರಿ ವಿನ್ಯಾಸದಲ್ಲಿ ಹಲಗೆಗಳು ಒಂದನ್ನೊಂದು ಓರೆಯಾಗಿ ದಾಟುತ್ತ ಇಡೀ ಗೋಡೆಯನ್ನೇ ಭಾರ ಹೊರುವ ಅಂಗವನ್ನಾಗಿಸುತ್ತವೆ. ಇಲ್ಲಿ ಹಲಗೆಗಳ ಬದಲು ಚೌಕನೆಯ ದಪ್ಪ ತೊಲೆಗಳನ್ನು ಬಳಸಿ, ಅವು ದಾಟುವಲ್ಲೆಲ್ಲ ಕಚ್ಚು ಕೊರೆದು ಒಂದರೊಳಗೊಂದು ಕೂರಿಸಿದ್ದಾರೆ. ಆ ಕಚ್ಚಿನ ಅಂಚಿಗೆ ಬೆರಳಿಟ್ಟು ನೋಡಿದೆ. ಉಗುರು ತೂರಲೂ ಜಾಗವಿರಲಿಲ್ಲ.

ಇನ್ನು ಚಾವಣಿಯ ಮಾತು. ಅದು ಇರುವುದು ದಾರಿಹೋಕರಿಗಾಗಿ ಅಲ್ಲ, ತೊಲೆಗಳಿಗಾಗಿ. ಮಳೆ ಮತ್ತು ಹಿಮದ ನೀರು ಕೂಡುಗಳಲ್ಲಿ ನಿಂತರೆ ಮರ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಮನೆಯ ಗೋಡೆಯನ್ನು ಸೂರು ಕಾಯುವಂತೆ ಇಲ್ಲಿ ಜಾಲರಿಯನ್ನು ಚಾವಣಿ ಕಾಯುತ್ತಿದೆ.

ದ್ವಾರದ ಮೇಲಿನ ಫಲಕ ಕುದುರೆಗಳನ್ನು ನಡೆಸಿಕೊಂಡು ಹೋಗಬೇಕು, ಇಲ್ಲವಾದರೆ ಎರಡು ಡಾಲರ್ ದಂಡ ಎಂದು ಎಚ್ಚರಿಸುತ್ತದೆ. ಖಾಸಗಿ ಕಂಪನಿಯ ಕೈಯಲ್ಲಿದ್ದ ಸೇತುವೆಯನ್ನು ನ್ಯೂ ಹ್ಯಾಂಪ್‌ಶೈರ್ ರಾಜ್ಯ 1936ರಲ್ಲಿ ಕೊಂಡಿತು. ಸುಂಕ ನಿಂತದ್ದು 1943ರಲ್ಲಿ. ರಾಜ್ಯಗಳ ಗಡಿ ವರ್ಮಾಂಟ್ ದಡದ ನೀರಿನ ಅಂಚಿನಲ್ಲಿದೆ ಎಂದು ಸುಪ್ರೀಂ ಕೋರ್ಟ್ 1930ರ ದಶಕದಲ್ಲಿ ನಿರ್ಧರಿಸಿದ್ದರಿಂದ ಸೇತುವೆ ಹೆಚ್ಚುಕಡಿಮೆ ಪೂರ್ತಿಯಾಗಿ ನ್ಯೂ ಹ್ಯಾಂಪ್‌ಶೈರಿಗೇ ಸೇರಿದೆ. 1989ರ ದುರಸ್ತಿಯಲ್ಲಿ ಪದರಗಳನ್ನು ಅಂಟಿಸಿ ತಯಾರಿಸಿದ ಹೊಸ ತೊಲೆಗಳನ್ನು ಸೇರಿಸಲಾಯಿತು. ಹಳೆಯದನ್ನು ಹಾಗೆಯೇ ಉಳಿಸಬೇಕೆನ್ನುವವರಿಗೆ ಇದು ಒಪ್ಪಿಗೆಯಾಗದಿರಬಹುದು. ಸೇತುವೆ ಇಂದಿಗೂ ವಾಹನಗಳನ್ನು ಹೊರುತ್ತಿರುವುದನ್ನು ನೋಡಿದ ಮೇಲೆ ಅದು ಸರಿಯಾದ ತೀರ್ಮಾನವೆಂದೇ ನನಗೆ ಅನ್ನಿಸಿತು.

ಕೊರತೆಯೆಂದರೆ, ರಚನೆಯನ್ನು ಚಿತ್ರಸಹಿತ ತಿಳಿಸುವ ದೊಡ್ಡ ಫಲಕವೊಂದು ನನ್ನ ಕಣ್ಣಿಗೆ ಬೀಳಲಿಲ್ಲ. ಪಾದಚಾರಿಗಳಿಗೆ ಪ್ರತ್ಯೇಕ ದಾರಿಯಿಲ್ಲ. ಹೊರಗಿನ ಬೆಳಕಿನಿಂದ ಒಳಬರುವ ಚಾಲಕರಿಗೆ ಕತ್ತಲು ಕವಿದಂತಾಗುವುದರಿಂದ ಮಕ್ಕಳ ಕೈ ಬಿಡಬಾರದು. ನ್ಯೂ ಹ್ಯಾಂಪ್‌ಶೈರ್ ಕಡೆಯಲ್ಲಿ ವಾಹನ ನಿಲ್ಲಿಸಿದರೆ ಸೇತುವೆಯ ಹಿಂದೆ ಅಸ್ಕಟ್ನಿ ಬೆಟ್ಟವೂ ಕಾಣುತ್ತದೆ. ಸಮಯ ಉಳಿದರೆ ಕಾರ್ನಿಶ್‌ನಲ್ಲೇ ಇರುವ, ಟಾಸ್ಕರ್ 1877ರಲ್ಲಿ ಕಟ್ಟಿದ ಬ್ಲೋ-ಮಿ-ಡೌನ್ ಎಂಬ ಪುಟ್ಟ ಚಾವಣಿ ಸೇತುವೆಯನ್ನೂ ನೋಡಿ ಬನ್ನಿ.